ಹಾರಕ್ಕೆ ಮೊದಲು ಆರೈಕೆ

ಅವೆನ್ಯೂ ರಸ್ತೆಯ ಹಳೆಯ ಅಂಗಡಿಗಳಲ್ಲಿ ಗಲ್ಲಾದ ಹಿಂದಿನ ಗೋಡೆಗೆ ಅಗಲಿದ ಹಿರಿಯರ ಭಾವಚಿತ್ರ, ಅದಕ್ಕೊಂದು ಹಾರ ಇರುತ್ತದೆ. ಈ ಗೌರವ ತಪ್ಪಲ್ಲ. ಆದರೆ ಜೈನ ಸಿದ್ಧಾಂತದಲ್ಲಿ ಪಿಂಡ, ತರ್ಪಣಗಳಿಗೆ ಸ್ಥಾನವಿಲ್ಲ. ಜೀವವು ಕರ್ಮಾನುಸಾರ ಕೂಡಲೇ ಮುಂದಿನ ಗತಿಗೆ ಸಾಗುತ್ತದೆ. ಆದ್ದರಿಂದ ಪೂರ್ವಿಕರು ಸಾವಿಗೆ ಮೊದಲಿನ ಆರೈಕೆಗೇ ಹೆಚ್ಚು ಬೆಲೆ ಕೊಟ್ಟರು.

ಗಂಗ ದೊರೆ ಮಾರಸಿಂಹ ಕ್ರಿ.ಶ. 974ರ ಸುಮಾರಿಗೆ ಬಂಕಾಪುರದಲ್ಲಿ ಗುರು ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದ ಸಂಗತಿ ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನದಲ್ಲಿದೆ. ಕೊನೆಗಾಲದಲ್ಲಿ ಗುರುಗಳು ಜೊತೆಗಿದ್ದುದನ್ನೂ ಶಾಸನ ಮರೆತಿಲ್ಲ.

2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮನೆಂದಾಗ ಸಮಾಜ ಬೀದಿಗಿಳಿಯಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ತಡೆ ನೀಡಿತು. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಜನಿಸಿದ ಆಚಾರ್ಯ ವಿದ್ಯಾಸಾಗರರು 2024ರ ಫೆಬ್ರವರಿ 18ರಂದು ಛತ್ತೀಸಗಢದ ಡೋಂಗರಗಢದಲ್ಲಿ ಶಿಷ್ಯರ ನಡುವೆ ಸಮಾಧಿಮರಣ ಹೊಂದಿದರು.

ಗೃಹಸ್ಥರ ಮನೆಗಳಲ್ಲಿ ಈಗ ನಡೆಯುತ್ತಿರುವುದೇ ಬೇರೆ. ಎಷ್ಟೋ ಹಿರಿಯರ ಕೊನೆಯ ದಿನಗಳು ಐಸಿಯುನಲ್ಲಿ ಒಂಟಿಯಾಗಿ ಮುಗಿಯುತ್ತವೆ. ಕಿವಿಯಲ್ಲಿ ಣಮೋಕಾರ ಹೇಳುವವರಿಲ್ಲ. ತೀರಿಕೊಂಡ ಮೇಲೆ ಫ್ಲೆಕ್ಸು, ಪತ್ರಿಕೆಯಲ್ಲಿ ಶ್ರದ್ಧಾಂಜಲಿ. ಆ ಹಣ ಔಷಧದಾನಕ್ಕೆ ಹೋಗಲಿ. ಬಸದಿಗೆ ಬರುವ ಯುವಕರು ಸರದಿಯ ಮೇಲೆ ಹಾಸಿಗೆ ಹಿಡಿದವರ ಬಳಿ ದಿನಕ್ಕೊಂದು ಗಂಟೆ ಕುಳಿತರೆ, ಅದೇ ನಿಜವಾದ ಸ್ಮರಣೆ.