ದುಡಿಯ ಸದ್ದು ನಿಂತ ಮೇಲೆ

ಸಾಹಿತ್ಯವು ಜನಜೀವನದ ಕನ್ನಡಿ ಎಂಬ ಮಾತನ್ನು ನಾವು ಅಧ್ಯಾಪಕರು ಎಷ್ಟು ಸಲ ಹೇಳಿದ್ದೇವೆಯೋ ಲೆಕ್ಕವಿಲ್ಲ. ವರ್ಷಕ್ಕೊಮ್ಮೆ ಉತ್ತರಪತ್ರಿಕೆಗಳಲ್ಲಿ ಆ ವಾಕ್ಯ ಅಕ್ಷರವೂ ವ್ಯತ್ಯಾಸವಿಲ್ಲದೆ ನಮಗೇ ಮರಳಿ ಬರುತ್ತದೆ. ಆದರೆ ಆ ಕನ್ನಡಿಯ ಮುಂದೆ ನಾವು ಯಾರನ್ನು ನಿಲ್ಲಿಸುತ್ತೇವೆ, ನಿಂತವನಿಗೆ ಆಗ ಏನನ್ನಿಸುತ್ತದೆ ಎಂದು ವಿಚಾರಿಸುವುದು ಅಪರೂಪ. ನಾನೂ ಬಹುಕಾಲ ವಿಚಾರಿಸಿದವನಲ್ಲ.

ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಪಾಠ ಹೇಳುತ್ತಿದ್ದೆ. ಚೋಮನ ಜಾತಿಯ ಹೆಸರು ಬರುವ ಭಾಗವನ್ನು ಗಟ್ಟಿಯಾಗಿ ಓದಿದೆ. ಒಡನೆಯೇ ಮೂರು ನಾಲ್ಕು ತಲೆಗಳು ಹಿಂದಿನ ಬೆಂಚಿನ ಕಡೆಗೆ ತಿರುಗಿದುವು. ಅಲ್ಲಿ ಕುಳಿತಿದ್ದ ಹುಡುಗನೊಬ್ಬ ಪುಸ್ತಕದಿಂದ ಕಣ್ಣೆತ್ತಲಿಲ್ಲ. ನಾನು ಓದನ್ನು ಮುಂದುವರಿಸಿದೆ. ಆ ದಿನ ಚೋಮನ ವಿಷಯವಾಗಿ ಕರುಣರಸವನ್ನು ಕುರಿತು ಒಳ್ಳೆಯ ಉಪನ್ಯಾಸವನ್ನೇ ಮಾಡಿದೆನೆಂದು ನನ್ನ ಭಾವನೆಯಾಗಿತ್ತು. ಗಂಟೆ ಮುಗಿದ ಬಳಿಕ ಆ ಹುಡುಗ ಅಧ್ಯಾಪಕರ ಕೊಠಡಿಯ ಬಾಗಿಲಿಗೆ ಬಂದು, “ಸಾರ್, ಚೋಮ ಸತ್ತ ಮೇಲೆ ಬೆಳ್ಳಿ ಏನಾದಳು?” ಎಂದು ಕೇಳಿದ. ಕಾದಂಬರಿಯಲ್ಲಿ ಅದು ಇಲ್ಲವಪ್ಪ ಎಂದೆ. “ಇಲ್ಲ, ಗೊತ್ತು ಸಾರ್” ಎಂದು ಹೇಳಿ ಹೊರಟುಹೋದ.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

‘ಚೋಮನ ದುಡಿ’ ಪ್ರಕಟವಾದುದು 1933ರಲ್ಲಿ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಅಸ್ಪೃಶ್ಯರ ಮಕ್ಕಳಿಗಾಗಿ ಶಾಲೆ ತೆರೆದು ಆಗ್ಗೆ ನಾಲ್ಕು ದಶಕಗಳು ಕಳೆದಿದ್ದುವು. ಆದರೂ ಹಳ್ಳಿಯ ಚೋಮನಿಗೆ ಭೂಮಿ ದೊರೆಯುವ ಮಾತಿರಲಿಲ್ಲ. ಅವನಲ್ಲಿ ಎತ್ತುಗಳಿವೆ, ಉಳಲು ನೆಲವಿಲ್ಲ. ಒಡೆಯನಾದ ಸಂಕಪ್ಪಯ್ಯ ಕ್ರೂರಿಯಲ್ಲ. ಅವನ ಮನಸ್ಸು ಒಮ್ಮೆ ಕರಗುತ್ತದೆ ಕೂಡ. ಆದರೆ ಮನೆಯ ಹಿರಿಯಳಾದ ತಾಯಿ ಒಪ್ಪುವುದಿಲ್ಲ. ಹಿಂದೆ ಇಲ್ಲದ್ದು ಈಗ ಹೇಗೆ ಆದೀತು ಎಂಬ ಒಂದೇ ವಾದ ಒಂದು ಸಂಸಾರವನ್ನು ನುಂಗಿಬಿಡುತ್ತದೆ. ಪೂರ್ವಗ್ರಹಕ್ಕೆ ದುಷ್ಟರೇ ಬೇಕೆಂದಿಲ್ಲ, ಸಂಪ್ರದಾಯಕ್ಕೆ ತಲೆಬಾಗುವ ಸಜ್ಜನರು ಸಾಕು ಎಂಬುದನ್ನು ಕಾರಂತರು ಎಷ್ಟು ಹಿಂದೆಯೇ ಕಂಡಿದ್ದರು! ಮಗನೊಬ್ಬ ನೀರಿನಲ್ಲಿ ಮುಳುಗುವಾಗ ದಡದಲ್ಲಿದ್ದವರು ಕೈ ನೀಡದಿರುವುದೂ ಅದೇ ಕಾರಣದಿಂದ.

ಚೋಮ ವಾದಿಸುವುದಿಲ್ಲ, ದುಡಿ ಬಾರಿಸುತ್ತಾನೆ. ಇದನ್ನು ನಾವು ಕಾದಂಬರಿಕಾರರ ಕಲಾತಂತ್ರವೆಂದಷ್ಟೇ ಎಣಿಸಿದರೆ ಸಾಲದು. ತುಳುನಾಡಿನ ಸಂಸ್ಕೃತಿಯಲ್ಲಿ ನೊಂದವರ ಮಾತು ಪುಸ್ತಕಕ್ಕೆ ಬರುವುದಕ್ಕೆ ಎಷ್ಟೋ ಮೊದಲು ಹಾಡಿನಲ್ಲಿಯೂ ವಾದ್ಯದಲ್ಲಿಯೂ ನೆಲೆಸಿತ್ತು. ಕಾರ್ಕಳದ ಗೊಮ್ಮಟನ ಪ್ರತಿಷ್ಠೆಯಾದುದು 1432ರಲ್ಲಿ. ಅದನ್ನು ಮಾಡಿಸಿದ ಅರಸನ ಹೆಸರನ್ನು ಶಾಸನ ಹೇಳುತ್ತದೆ. ಅದನ್ನು ಕಡೆದ ಕಲ್ಕುಡನ ಕೈಕಾಲನ್ನು ಅರಸನೇ ಕಡಿಸಿದನೆಂಬ ಕಥೆಯನ್ನು ಹೇಳುವುದು ಪಾಡ್ದನ. ಅವನೂ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಅನ್ಯಾಯಕ್ಕೆ ಲೆಕ್ಕ ಕೇಳುತ್ತಾರೆ. ಇದು ಚರಿತ್ರೆಯೋ ಕಲ್ಪನೆಯೋ ಎಂಬ ಚರ್ಚೆ ಬೇರೆ. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು ಈ ಬಗೆಯ ಕಥೆಗಳನ್ನು ತಲೆಮಾರುಗಳಿಂದ ಹಾಡಿ ಉಳಿಸಿದರು ಎಂಬುದು ನಿಜ. ಕೋಲದ ರಾತ್ರಿ ಪಂಬದನೋ ನಲಿಕೆಯವನೋ ದೈವವಾಗಿ ನಿಂತಾಗ ಊರಿನ ಒಡೆಯರು ಅವನೆದುರು ಕೈ ಮುಗಿಯುತ್ತಾರೆ. ಬೆಳಗಾದ ಮೇಲೆ ಅದೇ ಮನುಷ್ಯ ಅಂಗಳದ ಅಂಚಿನಲ್ಲಿ ನಿಲ್ಲಬೇಕಾಗಿತ್ತು. ಪ್ರಾದೇಶಿಕ ಸಂಸ್ಕೃತಿಯನ್ನು ಹೊಗಳುವ ನಾವು ಆ ರಾತ್ರಿಯನ್ನು ಮಾತ್ರ ವರ್ಣಿಸಿ ಬೆಳಗನ್ನು ಮರೆಯತಕ್ಕದ್ದಲ್ಲ.

ಬೆಳೆಯುವ ಮಕ್ಕಳು ಈ ಲೋಕವನ್ನು ಹೇಗೆ ಅರಿಯುತ್ತಾರೆ? ಈ ಪ್ರಶ್ನೆಗೆ ನಮ್ಮ ಸಾಹಿತ್ಯದಲ್ಲಿ ಎರಡು ಬಗೆಯ ಉತ್ತರಗಳಿವೆ. ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಒಂದು ಬಗೆಯದು. ಮಲೆನಾಡಿನ ಅಗ್ರಹಾರದ ವೇದಪಾಠಶಾಲೆಗೆ ಬಂದ ಹುಡುಗ, ತನ್ನನ್ನು ಅಕ್ಕರೆಯಿಂದ ಕಂಡ ವಿಧವೆ ಯಮುನಕ್ಕ ಗರ್ಭಿಣಿಯಾದುದನ್ನೂ, ಬದುಕಿರುವಾಗಲೇ ಅವಳಿಗೆ ತಂದೆ ಶ್ರಾದ್ಧ ಮಾಡಿ ಹೊರಹಾಕಿದುದನ್ನೂ ಕಾಣುತ್ತಾನೆ. 1977ರಲ್ಲಿ ಗಿರೀಶ ಕಾಸರವಳ್ಳಿಯವರು ಈ ಕಥೆಯನ್ನು ಚಿತ್ರವಾಗಿಸಿದಾಗ ಅದಕ್ಕೆ ರಾಷ್ಟ್ರದ ಸ್ವರ್ಣಕಮಲ ದೊರೆಯಿತು. ಆ ಹುಡುಗನ ದುಃಖ ನಿಜವಾದುದು. ಆದರೆ ಅದು ನೋಡಿದವನ ದುಃಖ. ಅವನನ್ನು ಮನೆಗೆ ಕರೆದೊಯ್ಯಲು ತಂದೆಯೊಬ್ಬನಿದ್ದಾನೆ. ಯಮುನಕ್ಕನಿಗೆ ಮನೆಯೇ ಇಲ್ಲ.

ಇನ್ನೊಂದು ಬಗೆಯದು ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’. ಮಾಗಡಿ ಸೀಮೆಯ ಮಂಚನಬೆಲೆಯ ಆ ಹುಡುಗ ಮೊದಲಲ್ಲೇ ಕಾಣುವ ನೋಟ ಒಂದಿದೆ: ಇಬ್ಬರು ಮನುಷ್ಯರು ಹೆಗಲ ಮೇಲೆ ನೊಗ ಹೊತ್ತು ನೇಗಿಲನ್ನು ಎಳೆಯುತ್ತಿದ್ದಾರೆ, ಮೂರನೆಯವನು ಉಳುತ್ತಿದ್ದಾನೆ. ಹುಡುಗನಿಗೆ ಅದು ಮೋಜಾಗಿ ಕಾಣುತ್ತದೆ. ನೊಗ ಹೊತ್ತವರಲ್ಲಿ ಒಬ್ಬ ಅವನ ತಂದೆ. ಬಳಿಯಲ್ಲಿದ್ದವರು ಮರುಗಿದಾಗಲೇ ಅದು ಮರುಗಬೇಕಾದ ಸಂಗತಿಯೆಂದು ಮಗುವಿಗೆ ತಿಳಿಯುವುದು. ಮಗು ದೊಡ್ಡದಾಗುವುದೆಂದರೆ ಏನೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಪ್ರಸಂಗವನ್ನು ನಾನು ಕಂಡಿಲ್ಲ. ಕಷ್ಟ ಮೊದಲೇ ಇತ್ತು. ಅದು ಕಷ್ಟವೆಂಬ ಅರಿವು ಬಂದ ದಿನ ಬಾಲ್ಯ ಮುಗಿಯಿತು.

ಚೋಮನಿಗೆ ಎತ್ತು ಇದ್ದು ನೆಲವಿರಲಿಲ್ಲ. ಸಿದ್ಧಲಿಂಗಯ್ಯನವರ ತಂದೆ ಪರರ ನೆಲದಲ್ಲಿ ತಾನೇ ಎತ್ತಾದರು. ಇವೆರಡರ ನಡುವೆ ಸ್ವಾತಂತ್ರ್ಯ ಬಂತು. ಅಸ್ಪೃಶ್ಯತೆಯನ್ನು ಸಂವಿಧಾನ ನಿಷೇಧಿಸಿತು. ಉಳುವವನೇ ಒಡೆಯನೆಂಬ ಭೂಸುಧಾರಣೆ ನಮ್ಮ ನಾಡಿನಲ್ಲಿ ಬಿಗಿಯಾಗಿ ಜಾರಿಗೆ ಬಂದುದು 1974ರಲ್ಲಿ. ಅದು ಬಹು ದೊಡ್ಡ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಕಾಯಿದೆ ಭೂಮಿ ಕೊಟ್ಟುದು ಮುಖ್ಯವಾಗಿ ಗೇಣಿದಾರನಿಗೆ. ಚೋಮ ಗೇಣಿಗೆಂದೇ ಭೂಮಿ ಬೇಡಿದ್ದ. ಅವನಿಗೆ ಅದು ಸಿಕ್ಕಿರಲೇ ಇಲ್ಲ. ಹಿಂದೆ ಗೇಣಿಯನ್ನೂ ನಿರಾಕರಿಸಿದ ಜಾತಿಭೇದ ಮುಂದೆ ಒಡೆತನವನ್ನೂ ತಪ್ಪಿಸಿತು. ಈ ಲೆಕ್ಕ ಕಾದಂಬರಿಯನ್ನು ಓದಿದವನಿಗೆ ಕೂಡಲೇ ಅರ್ಥವಾಗುತ್ತದೆ. ಸಾಹಿತ್ಯದ ಪ್ರಯೋಜನವೇನು ಎನ್ನುವವರಿಗೆ ನಾನು ಇದನ್ನೇ ಉದಾಹರಣೆಯಾಗಿ ಹೇಳುತ್ತೇನೆ.

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಕಾರಂತರ ಅನುಕಂಪ ದೊಡ್ಡದು. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೂ ಹೊರಗಿನಿಂದ ನೋಡುವ ಅನುಕಂಪಕ್ಕೆ ದುರಂತವೇ ಕೊನೆಯಾಗಿ ಕಾಣುವುದು ಸಹಜ. ದುಡಿಯ ಸದ್ದು ನಿಲ್ಲುತ್ತದೆ, ಪುಸ್ತಕ ಮುಚ್ಚುತ್ತದೆ, ಓದುಗ ಕಣ್ಣೊರೆಸಿಕೊಳ್ಳುತ್ತಾನೆ. ಹಿಂದಿನ ಬೆಂಚಿನ ಹುಡುಗನಿಗೆ ಮಾತ್ರ ಕಥೆ ಅಲ್ಲಿ ಮುಗಿಯದು. ಅವನು ಆಮೇಲೂ ಬದುಕಿದವರ ಮೊಮ್ಮಗ. ಬೆಳ್ಳಿ ಏನಾದಳೆಂಬುದಕ್ಕೆ ಉತ್ತರವನ್ನು ಬದುಕಿ ಉಳಿದವರೇ ಬರೆಯಬೇಕಾಗಿತ್ತು, ಬರೆದೂ ಬರೆದರು. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನಲ್ಲಿ, 1994ರಲ್ಲಿ ಬಂದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದಲ್ಲಿ, ‘ಊರುಕೇರಿ’ಯಲ್ಲಿ ಹಸಿವಿದೆ, ಅವಮಾನವಿದೆ, ಜೊತೆಗೆ ನಗು, ಜಗಳ, ಜಂಬ, ಹಟ ಎಲ್ಲವೂ ಇವೆ. ‘ಒಡಲಾಳ’ದ ಮನೆಯವರು ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯೆಲ್ಲ ಕುಳಿತು ತಿನ್ನುವ ಸಂಭ್ರಮವನ್ನು ಓದಿದವರಾರೂ ಆ ಜನರನ್ನು ಬರಿಯ ಮರುಕದಿಂದ ನೋಡಲಾರರು.

ಈ ಎರಡು ಬಗೆಗಳಲ್ಲಿ ಯಾವುದು ಮೇಲು ಎಂಬ ವಾದ ನನಗೆ ಬೇಡ. ‘ಚೋಮನ ದುಡಿ’ಯನ್ನು ಪಠ್ಯದಿಂದ ತೆಗೆಯಬೇಕೆಂದು ನಾನು ಹೇಳುತ್ತಿಲ್ಲ, ಒಂಟಿಯಾಗಿ ಕಲಿಸಬಾರದೆಂದು ಹೇಳುತ್ತಿದ್ದೇನೆ. ಒಂದನ್ನೇ ಕಲಿಸಿದರೆ ತರಗತಿಯ ಅರ್ಧ ಮಂದಿ ಮರುಗುವವರೂ ಉಳಿದವರು ಮರುಕಕ್ಕೆ ಪಾತ್ರರೂ ಆಗಿಬಿಡುತ್ತಾರೆ. ಮರುಕದ ನೋಟವೂ ಒಮ್ಮೊಮ್ಮೆ ಪೂರ್ವಗ್ರಹದಷ್ಟೇ ಚುಚ್ಚುತ್ತದೆ. ಅಂದು ತಿರುಗಿದ ಆ ಮೂರು ನಾಲ್ಕು ತಲೆಗಳಲ್ಲಿ ದ್ವೇಷವಿತ್ತೆಂದು ನನಗನ್ನಿಸುವುದಿಲ್ಲ. ಅವು ಹಾಗೆ ತಿರುಗುವಂತೆ ಪಾಠ ಹೇಳಿದವನು ನಾನು.

ಆ ವರ್ಷದಿಂದ ನಾನು ‘ಊರುಕೇರಿ’ಯ ಆ ನೊಗದ ಪ್ರಸಂಗವನ್ನು ಮೊದಲು ಓದಿಸಿ, ಅನಂತರ ಚೋಮನ ಬಳಿಗೆ ಹೋಗುತ್ತೇನೆ. ಪರೀಕ್ಷೆಗೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಆದರೆ ಕಾದಂಬರಿ ಮುಗಿದ ದಿನ, ಮುಂದೆ ಬೆಳ್ಳಿ ಏನಾದಳೆಂದು ನಾನೇ ಕೇಳುತ್ತೇನೆ. ಉತ್ತರಗಳು ಎಲ್ಲ ಬೆಂಚುಗಳಿಂದಲೂ ಬರುತ್ತವೆ. ತಲೆಗಳು ಯಾರ ಕಡೆಗೂ ತಿರುಗುವುದಿಲ್ಲ.