ಹೊಸ ಸ್ಪ್ರಿಂಗು, ಹಳೆಯ ಅಳತೆ

ಮೋಟಾರಿಗೆ ಹೊಸ ಸ್ಪ್ರಿಂಗುಗಳನ್ನೂ ಹೊಸ ಶಾಕ್ ಅಬ್ಸಾರ್ಬರುಗಳನ್ನೂ ಹಾಕಿಸಿದೊಡನೆ ಕೆಲಸ ತೀರಿತೆಂದು ಭಾವಿಸುವ ಗೃಹಸ್ಥರು ನಮ್ಮಲ್ಲಿ ಹಲವರಿರುವರು. ಜಮಖಂಡಿ, ಮುಧೋಳ, ಬೀಳಗಿಗಳ ಕಡೆಯಲ್ಲಿ ಈ ಭಾವನೆಗೆ ತೆರಬೇಕಾದ ದಂಡವು ದೊಡ್ಡದು. ಈ ಸೀಮೆಯ ಬಹುಭಾಗ ಎರೆಯ ನೆಲ. ಮಳೆಯಲ್ಲಿ ಉಬ್ಬಿ, ಬೇಸಗೆಯಲ್ಲಿ ಬಿರಿಯುವ ಈ ಮಣ್ಣಿನ ಮೇಲೆ ಹಾಸಿದ ರಸ್ತೆಯು ಬಹುಕಾಲ ಸಮನಾಗಿ ಉಳಿಯಲಾರದು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರುಗಳನ್ನೆಳೆಯುವ ಟ್ರಾಕ್ಟರುಗಳು ಅದೇ ದಾರಿಯಲ್ಲಿ ಹಗಲಿರುಳು ಸಾಗುವುವು. ಇಂತಹ ದಾರಿಯಲ್ಲಿ ಸ್ಪ್ರಿಂಗು ಸೋಲುವುದೇನೂ ಆಶ್ಚರ್ಯವಲ್ಲ. ಬದಲಿಸಿದ ಮೇಲೆ ಅಳತೆ ಹಿಡಿಯದೆ ಬಿಡುವುದೇ ಆಶ್ಚರ್ಯ. ರಬಕವಿ-ಬನಹಟ್ಟಿಯ ನೇಕಾರರು ಮಗ್ಗಕ್ಕೆ ಹೊಸ ಹಾಸು ಏರಿಸಿದ ಮೇಲೆ ಬಿಗಿಯ ಹದ ನೋಡದೆ ಲಾಳಿ ಎಸೆಯುವರೇ?

ಮೊದಲು ಇವೆರಡರ ಕೆಲಸವನ್ನು ಬೇರೆಬೇರೆಯಾಗಿ ತಿಳಿಯಬೇಕು. ಹೊರೆಯನ್ನು ಹೊರುವುದು ಸ್ಪ್ರಿಂಗು. ಹೇರಿದ ಭಾರಕ್ಕೆ ತಕ್ಕಷ್ಟೇ ಅದು ಕುಗ್ಗುವುದೆಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿಯು 1678ರಲ್ಲಿಯೇ ಪ್ರಕಟಿಸಿದನು. ಆದರೆ ಕುಗ್ಗಿದ ಸ್ಪ್ರಿಂಗು ಮತ್ತೆ ಚಿಮ್ಮುವುದು, ಚಿಮ್ಮಿದುದು ಮತ್ತೆ ಕುಗ್ಗುವುದು. ಈ ಕುಣಿತವನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಅದರೊಳಗಿನ ಎಣ್ಣೆಯು ಸಣ್ಣ ರಂಧ್ರಗಳಲ್ಲಿ ನುಸುಳುವಾಗ ಕುಣಿತದ ಶಕ್ತಿಯು ಶಾಖವಾಗಿ ಹೋಗಿಬಿಡುವುದು. ಸುಖವಾಗಿ ಸಾಗುವ ಮನೆಯ ಮೋಟಾರು ತನ್ನ ಸ್ಪ್ರಿಂಗಿನ ಮೇಲೆ ನಿಮಿಷಕ್ಕೆ 60ರಿಂದ 90 ಸಲ ತೂಗುವಂತೆ ರಚಿತವಾಗಿರುವುದು. ಇದು ಮನುಷ್ಯನು ನಡೆಯುವ ಹೆಜ್ಜೆಯ ಲಯಕ್ಕೆ ಸಮೀಪವಾದುದು. ಓಟದ ಮೋಟಾರು ಇದಕ್ಕಿಂತ ಬಹಳ ಚುರುಕಾಗಿ ತೂಗುವುದು.

ಈಚೆಗೆ ಮನೆಯ ತರುಣರು ಓಟದ ಮೋಟಾರುಗಳನ್ನು ಕಂಡು, ಮನೆಯ ಗಾಡಿಗೂ ಗಿಡ್ಡನೆಯ ಬಿಗಿಯಾದ ಸ್ಪ್ರಿಂಗುಗಳನ್ನು ಹಾಕಿಸಬೇಕೆಂದು ಹಟ ಹಿಡಿಯುವುದುಂಟು. ಅವರ ಉತ್ಸಾಹವನ್ನು ನಾವು ಹಳಿಯುವವರಲ್ಲ. ಆದರೂ ಎರಡು ಮಾತುಗಳನ್ನು ಹಣ ಕೊಡುವ ಹಿರಿಯರು ಅರಿತಿರಬೇಕು. ರಸ್ತೆಯ ಉಬ್ಬುಗಳು 10 ಸೆಂಟಿಮೀಟರು ಎತ್ತರ, 3.7 ಮೀಟರು ಅಗಲವಾಗಿ ದುಂಡಗಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸು 1988ರಲ್ಲಿ ಗೊತ್ತುಮಾಡಿತು. ನಮ್ಮ ಹಳ್ಳಿಗಳ ಬಾಗಿಲಲ್ಲಿರುವ ಉಬ್ಬುಗಳು ಈ ಲೆಕ್ಕವನ್ನು ಓದಿದಂತೆ ತೋರುವುದಿಲ್ಲ. ನೆಲದಿಂದ 17 ಸೆಂಟಿಮೀಟರು ಎತ್ತರವಿದ್ದ ಗಾಡಿಯನ್ನು 4 ಸೆಂಟಿಮೀಟರು ಇಳಿಸಿದರೆ, ಐವರು ಕುಳಿತ ದಿನ ಹೊಟ್ಟೆ ತಿಕ್ಕದೆ ದಾಟುವುದು ದುಸ್ತರ. ಎರಡನೆಯದು, 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಮಾತು. ತಯಾರಕರು ಗೊತ್ತುಮಾಡಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ಅದು ತಡೆಯುವುದು. ಸುಪ್ರೀಂ ಕೋರ್ಟು 2019ರಲ್ಲಿ ಈ ಕಲಮನ್ನು ಬಿಗಿಯಾಗಿಯೇ ಅರ್ಥೈಸಿತು. ಆದುದರಿಂದ ಮೂಲದ ಅಳತೆಯ ಸ್ಪ್ರಿಂಗುಗಳನ್ನೇ ತರಿಸುವುದು ನಮ್ಮ ದೃಷ್ಟಿಯಲ್ಲಿ ಮೇಲು. ಒಂದು ಅಚ್ಚಿನ ಎರಡು ಬದಿಗಳಿಗೂ ಒಟ್ಟಿಗೆ ಹಾಕಿಸತಕ್ಕದ್ದು. ಒಂದು ಬದಿಗೆ ಹೊಸದು, ಇನ್ನೊಂದಕ್ಕೆ ಹಳೆಯದು ಎಂಬ ಜಿಪುಣತನವು ಸಲ್ಲದು.

ಹೊಸ ಸ್ಪ್ರಿಂಗು ಕುಳಿತಾಗ ಗಾಡಿಯ ಎತ್ತರವು ಬದಲಾಗುವುದು, ಮೂಲದ ಸ್ಪ್ರಿಂಗೇ ಆಗಿದ್ದರೂ ಕೂಡ. ಹಳೆಯದು ವರ್ಷಗಳಿಂದ ಕುಸಿದಿದ್ದಿತಷ್ಟೆ. ಚಕ್ರವನ್ನು ಹಿಡಿದ ತೋಳುಗಳು ಬಾಗಿಲು ತನ್ನ ಕೀಲಿನ ಸುತ್ತ ತಿರುಗುವಂತೆ ತಿರುಗತಕ್ಕವು. ಎತ್ತರ ಬದಲಾದರೆ ತೋಳಿನ ಓರೆ ಬದಲಾಗುವುದು, ಅದರೊಡನೆ ಚಕ್ರದ ನಿಲುವೂ ಬದಲಾಗುವುದು. ಈ ನಿಲುವನ್ನು ಕೆಲಸಗಾರರು ಮೂರು ಹೆಸರುಗಳಿಂದ ಕರೆಯುವರು. ಚಕ್ರದ ತಲೆಯು ಒಳಕ್ಕೋ ಹೊರಕ್ಕೋ ವಾಲುವುದು ಕೇಂಬರ್. ಚಕ್ರವು ತಿರುಗುವ ಕೀಲಿನ ತಲೆಯು ಹಿಂದಕ್ಕೆ ಓರೆಯಾಗಿರುವುದು ಕ್ಯಾಸ್ಟರ್. ತಿರುವಿದ ಸ್ಟೀಯರಿಂಗು ತಾನಾಗಿ ನೆಟ್ಟಗಾಗುವುದು ಬಹುಮಟ್ಟಿಗೆ ಇದರಿಂದ. ಎರಡು ಮುಂಗಾಲಿಗಳು ಮನುಷ್ಯನ ಪಾದಗಳಂತೆ ಒಳಮುಖವಾಗಿಯೋ ಹೊರಮುಖವಾಗಿಯೋ ಇರುವುದು ಟೋ. ಈ ಮೂರರಲ್ಲಿ ಟಾಯರನ್ನು ಬೇಗನೆ ತಿನ್ನುವುದು ಟೋ. ಲೆಕ್ಕ ಹಾಕಿ ನೋಡೋಣ. ಒಂದೊಂದು ಚಕ್ರವೂ ಸುಮಾರು 380 ಮಿಲಿಮೀಟರಿನ ಅಂಚಿನಲ್ಲಿ 3 ಮಿಲಿಮೀಟರು ಅಡ್ಡವಾಗಿದ್ದರೆ, ಪ್ರತಿ ಕಿಲೊಮೀಟರಿಗೆ ಸುಮಾರು 8 ಮೀಟರಿನಷ್ಟು ದೂರವನ್ನು ಉರುಳದೆ ಅಡ್ಡಡ್ಡ ತಿಕ್ಕಿಕೊಂಡೇ ಹೋಗಬೇಕು. ಸಾವಿರ ಕಿಲೊಮೀಟರಿಗೆ ಎಂಟು ಕಿಲೊಮೀಟರು! ಹೊಸ ಟಾಯರು ಅಕಾಲದಲ್ಲಿ ಬೋಳಾಯಿತೆಂದು ಅಂಗಡಿಯವನನ್ನು ಬೈಯುವವರು ಒಮ್ಮೆ ಈ ಲೆಕ್ಕವನ್ನು ನೆನೆಯಬಹುದು. ಟಾಯರಿನ ಹಣವಾದರೂ ಸಣ್ಣ ಮಾತು. ಮಳೆಯಲ್ಲಿ ನೆನೆದ ಎರೆಮಣ್ಣು ಮೆತ್ತಿದ ರಸ್ತೆಯಲ್ಲಿ ಅಂತಹ ಗಾಡಿಯ ಬ್ರೇಕು ಒತ್ತಿದಾಗ ಅದು ಎತ್ತ ಎಳೆಯುವುದೆಂದು ಹೇಳಲಾಗದು.

ಕೆಲಸದ ಕ್ರಮವನ್ನು ಗೃಹಸ್ಥರು ತಾವೇ ಮಾಡದಿದ್ದರೂ ತಿಳಿದಿರುವುದು ಒಳಿತು. ತೋಳುಗಳ ಬುಡದಲ್ಲಿ ರಬ್ಬರಿನ ಬುಶ್ಶುಗಳಿರುವುವು. ಗಾಡಿಯನ್ನು ಜಾಕಿನ ಮೇಲೆತ್ತಿ ಚಕ್ರಗಳು ಜೋತಾಡುತ್ತಿರುವಾಗಲೇ ಅವುಗಳ ಬೋಲ್ಟನ್ನು ಕೊನೆಯ ಬಿಗಿಗೆ ತಂದರೆ, ಗಾಡಿ ನೆಲಕ್ಕಿಳಿದಾಗ ರಬ್ಬರು ತಿರುಚಿಕೊಂಡು ನಿಲ್ಲುವುದು. ನಿಂತಲ್ಲಿಯೂ ವಿಶ್ರಾಂತಿಯಿಲ್ಲದೆ ಕೆಲವೇ ತಿಂಗಳಲ್ಲಿ ಹರಿಯುವುದು. ಭಾರವು ಚಕ್ರಗಳ ಮೇಲೆ ಬಿದ್ದ ತರುವಾಯವೇ ಆ ಬೋಲ್ಟುಗಳನ್ನು ಬಿಗಿಯತಕ್ಕದ್ದು. ಇದೊಂದನ್ನು ಮಾಲಕನು ಬಾಯಿಬಿಟ್ಟು ಕೇಳಿದರೆ ಸಾಕು, ಮೇಸ್ತ್ರಿಯು ಆ ದಿನ ಎಚ್ಚರದಿಂದ ಕೆಲಸ ಮಾಡುವನು.

ಆಮೇಲೆ ಟಾಯರುಗಳಿಗೆ ಸರಿಯಾದ ಗಾಳಿ ತುಂಬಿ, ಗಾಡಿಯನ್ನು ಹಿಂದೆ ಮುಂದೆ ಉರುಳಿಸಿ, ಸಮನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಕಮಾನಿನವರೆಗೆ ನಾಲ್ಕೂ ಕಡೆ ಅಳೆಯಬೇಕು. ಹಿಂಗಾಲಿಗಳ ನಿಲುವನ್ನು ಮೊದಲು ನೋಡಿ, ಅನಂತರ ಮುಂಗಾಲಿಗಳ ಕ್ಯಾಸ್ಟರ್, ಕೇಂಬರ್, ಕಟ್ಟಕಡೆಗೆ ಟೋ. ಕೇಂಬರ್ ತಿದ್ದಿದರೆ ಟೋ ತಾನಾಗಿ ಕದಲುವುದರಿಂದ ಈ ಕ್ರಮವನ್ನು ತಿರುವುಮುರುವು ಮಾಡಲಾಗದು. ನಮ್ಮ ಸಣ್ಣ ಮೋಟಾರುಗಳಲ್ಲಿ ಹೆಚ್ಚಿನವಕ್ಕೆ ಮುಂಗಡೆ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರನ ಹೆಸರಿನ ಸ್ಟ್ರಟ್ಟು ಇರುವುದು. 1950ರ ಸುಮಾರಿಗೆ ಇಂಗ್ಲೆಂಡಿನ ಫೋರ್ಡ್ ಕಾರುಗಳಿಂದ ಅದು ಪ್ರಸಿದ್ಧಿಗೆ ಬಂದಿತು. ಇಂತಹ ಹಲವು ಗಾಡಿಗಳಲ್ಲಿ ತಿದ್ದಲು ಬರುವುದು ಟೋ ಒಂದೇ. ಮಿಕ್ಕವು ಅಳತೆ ಮೀರಿದ್ದರೆ ಯಾವುದೋ ತೋಳು ಬಾಗಿದೆಯೆಂದೇ ತಿಳಿಯಬೇಕು.

ನಿಜವಾದ ಓಟದ ಮೋಟಾರಿನಲ್ಲಿ ಸ್ಪ್ರಿಂಗಿನ ಪೀಠವನ್ನೇ ತಿರುವಿ ಏರಿಸಬಹುದು, ಇಳಿಸಬಹುದು. ಇಲ್ಲಿ ಬಲ್ಲವರೂ ಎಡವುವರು. ಕುಂಟುವ ಹೊರಸನ್ನು ನೋಡಿರಿ: ಅದರ ಒಂದು ಕಾಲಿನ ಕೆಳಗೆ ಹಂಚಿನ ಚೂರನ್ನಿಟ್ಟರೆ ಭಾರವು ಆ ಕಾಲಿನ ಮೇಲೂ, ಓರೆಯಾಗಿ ಎದುರಿರುವ ಕಾಲಿನ ಮೇಲೂ ಹೆಚ್ಚುವುದು, ಉಳಿದೆರಡು ಹಗುರಾಗುವುವು. ಮೋಟಾರಿನಲ್ಲಿಯೂ ಹಾಗೆಯೇ. ಕಣ್ಣಿಗೆ ಗಾಡಿ ಸಮನಾಗಿದ್ದರೂ ಓರೆಯ ಎರಡು ಚಕ್ರಗಳ ಮೇಲೆ ಭಾರ ಹೆಚ್ಚಿದ್ದರೆ ಅದು ಎಡಕ್ಕೊಂದು ಬಗೆ, ಬಲಕ್ಕೊಂದು ಬಗೆ ತಿರುಗುವುದು. ಆದುದರಿಂದ ಓಡಿಸುವವನನ್ನೋ ಅವನ ತೂಕದ ಚೀಲವನ್ನೋ ಬಲಗಡೆಯ ಆಸನದಲ್ಲಿ ಕೂರಿಸಿ, ನಾಲ್ಕು ತಕ್ಕಡಿಗಳ ಮೇಲೆ ನಿಲ್ಲಿಸಿ, ಓರೆಯ ಜೋಡಿಗಳೆರಡೂ ಅರ್ಧರ್ಧ ಹೊರುವಂತೆ ಪೀಠಗಳನ್ನು ತಿರುವುವರು. ಶಾಕ್ ಅಬ್ಸಾರ್ಬರಿನ ಗುಂಡಿಯನ್ನು ನಡುವಿನಲ್ಲಿಟ್ಟು, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ದಾರಿಯಲ್ಲಿ ಓಡಿಸಿ, ಪುಸ್ತಕದಲ್ಲಿ ಬರೆದಿಡುವರು. ಎಲ್ಲವನ್ನೂ ಬಿಗಿ ಮಾಡುವುದೇ ಜಾಣತನವೆಂದು ತಿಳಿದವರಿಗೆ ನಮ್ಮ ಚಕ್ಕಡಿಯನ್ನು ತೋರಿಸಬೇಕು. ಅದಕ್ಕಿಂತ ಬಿಗಿಯಾದುದು ಇನ್ನಾವುದಿದೆ?

ಮನೆಯ ಗಾಡಿಯ ಮಾತಿಗೆ ಮರಳೋಣ. ಹೊಸ ಸ್ಪ್ರಿಂಗು ಕೆಲವು ನೂರು ಕಿಲೊಮೀಟರು ಓಡಿ ಕುಳಿತುಕೊಂಡ ಮೇಲೆ ಮತ್ತೊಮ್ಮೆ ಅಳೆಯಿಸಿ, ಮುಂಚಿನ ಮತ್ತು ತಿದ್ದಿದ ಅಂಕೆಗಳೆರಡೂ ಇರುವ ಚೀಟಿಯನ್ನು ಕೇಳಿ ಪಡೆಯಿರಿ. ದೀಪಗಳನ್ನಂತೂ ಮರೆಯಲಾಗದು. ಎರಡು ಅಚ್ಚುಗಳ ನಡುವೆ 2.4 ಮೀಟರು ದೂರವಿರುವ ಗಾಡಿಯ ಹಿಂಭಾಗವು ಮುಂಭಾಗಕ್ಕಿಂತ 20 ಮಿಲಿಮೀಟರು ಹೆಚ್ಚು ಏರಿದರೆ, 30 ಮೀಟರು ಮುಂದೆ ದೀಪದ ಬೆಳಕು 25 ಸೆಂಟಿಮೀಟರು ಕೆಳಗೆ ಬೀಳುವುದು. ಇರುಳಿನಲ್ಲಿ ಹಿಂದೀಪವಿಲ್ಲದ ಕಬ್ಬಿನ ಟ್ರೇಲರು ರಸ್ತೆಯ ಬದಿಯಲ್ಲಿ ನಿಂತಿರುವಾಗ ಈ ಬೆಳಕೇ ನಿಮ್ಮ ಕಣ್ಣು. ಸ್ಪ್ರಿಂಗು ಬದಲಿಸುವ ಮುನ್ನವೇ ಒಂದು ಸಂಜೆ ಗಾಡಿಯನ್ನು ಗೋಡೆಗೆದುರಾಗಿ ಸಮನೆಲದಲ್ಲಿ 10 ಮೀಟರು ದೂರ ನಿಲ್ಲಿಸಿ, ಬೆಳಕಿನ ಮೇಲಂಚಿಗೆ ಸುಣ್ಣದ ಗೆರೆಯನ್ನೆಳೆದಿಡಿರಿ. ಕೆಲಸ ಮುಗಿದ ದಿನ ಅದೇ ಜಾಗದಲ್ಲಿ ನಿಲ್ಲಿಸಿದರೆ ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಎಂಬುದನ್ನು ಆ ಗೆರೆಯೇ ತಿಳಿಸುವುದು.