ಸಹಿ ಒಂದು, ಕೆಲಸ ಇಬ್ಬರದು

ಕ್ಯಾಮೆರಾ ಇರುವಾಗ ಫ್ಯಾಷನ್ ಪುಟಕ್ಕೆ ಕೈಯಲ್ಲಿ ಚಿತ್ರ ಯಾಕೆ ಬರೀಬೇಕು? ಯಾರಾದ್ರೂ ಹೀಗೆ ಕೇಳಿದ್ರೆ ನಾನು ಆಂಟೋನಿಯೊ ಲೋಪೆಜ್‌ನ ಚಿತ್ರ ತೋರಿಸ್ತೀನಿ. ಅದರಲ್ಲಿ ಬಟ್ಟೆಗಿಂತ ಮೊದಲು ಕಣ್ಣಿಗೆ ಬೀಳೋದು ಅದನ್ನು ತೊಟ್ಟವಳ ನಿಲುವು, ಗತ್ತು. ಫೋಟೋಗಳು ಪತ್ರಿಕೆಗಳನ್ನೆಲ್ಲ ಆವರಿಸಿಕೊಳ್ತಿದ್ದ ಕಾಲದಲ್ಲಿ, ಈ ಕಲೆಗೆ ಮತ್ತೆ ಜೀವ ಕೊಟ್ಟವರಲ್ಲಿ ಈತ ಮುಖ್ಯ.

ಆಂಟೋನಿಯೊ ಹುಟ್ಟಿದ್ದು 1943ರಲ್ಲಿ, ಪೋರ್ಟೊ ರಿಕೊದಲ್ಲಿ. ಅಮ್ಮ ಬಟ್ಟೆ ಹೊಲಿಯುವವಳು, ಅಪ್ಪ ಅಂಗಡಿಗಳ ಬೊಂಬೆ ಮಾಡುವವನು. ಮಗ ಬಟ್ಟೆ ಮತ್ತು ಮೈಮಾಟದ ನಡುವೆಯೇ ಬೆಳೆದ ಅನ್ನಿ! ಚಿಕ್ಕವನಿದ್ದಾಗಲೇ ಕುಟುಂಬ ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್‌ಗೆ ಬಂತು. 2016ರಲ್ಲಿ ಅವನ ಜೀವಮಾನದ ಕೆಲಸದ ಪ್ರದರ್ಶನ ನಡೆದದ್ದೂ ಅದೇ ಈಸ್ಟ್ ಹಾರ್ಲೆಮ್‌ನಲ್ಲಿರುವ ಎಲ್ ಮುಸೆಯೊ ಡೆಲ್ ಬಾರಿಯೊದಲ್ಲಿ. ಪೋರ್ಟೊ ರಿಕೊ ಮೂಲದವರು 1969ರಲ್ಲಿ ಕಟ್ಟಿದ ಮ್ಯೂಸಿಯಂ ಅದು. ಇದಕ್ಕಿಂತ ಸರಿಯಾದ ಜಾಗ ಬೇರೆ ಇರಲಿಲ್ಲ ಅನ್ಸತ್ತೆ.

ನನ್ನ ತಕರಾರು ಇರೋದು ಪ್ರದರ್ಶನದ ಹೆಸರಿನ ಬಗ್ಗೆ. ‘ಆಂಟೋನಿಯೊ ಲೋಪೆಜ್: ಫ್ಯೂಚರ್ ಫಂಕ್ ಫ್ಯಾಷನ್’. ಹ್ವಾನ್ ರಾಮೋಸ್ ಎಲ್ಲಿ?

ಯಾರೀ ರಾಮೋಸ್ ಅಂತೀರಾ? ಇವನೂ ಪೋರ್ಟೊ ರಿಕೊದವನೇ. ನ್ಯೂಯಾರ್ಕಿನ ಫ್ಯಾಷನ್ ಕಾಲೇಜಿನಲ್ಲಿ ಇಬ್ಬರೂ ಭೇಟಿಯಾದರು. ಮೊದಲು ಪ್ರೇಮಿಗಳು, ಆಮೇಲೆ ಕೊನೇವರೆಗೂ ಕೆಲಸದ ಜೊತೆಗಾರರು. 1969ರಲ್ಲಿ ಪ್ಯಾರಿಸ್‌ಗೆ ಹೋಗಿದ್ದೂ ಒಟ್ಟಿಗೆ. ಆಂಟೋನಿಯೊ ಗೆರೆ ಎಳೀತಿದ್ದ. ಯಾವ ಕಾಲದ ಕಲೆಯಿಂದ ಏನು ತರಬೇಕು, ಚಿತ್ರದ ಹಿಂದಿನ ಕಲ್ಪನೆ ಏನು ಅನ್ನೋದರಲ್ಲಿ ರಾಮೋಸ್‌ನ ಪಾಲು ದೊಡ್ಡದು. ಪಾಪ್ ಬಣ್ಣಗಳಿಂದ ಫೆರ್ನಾಂಡ್ ಲೆಜೆಯಂಥ ದಪ್ಪ ಗೆರೆಗಳವರೆಗೆ ಅವರ ಶೈಲಿ ಬದಲಾಗ್ತಲೇ ಹೋಯ್ತು. ಚಿತ್ರದ ಮೂಲೆಯಲ್ಲಿ ಮಾತ್ರ ಒಂದೇ ಹೆಸರು, ‘ಆಂಟೋನಿಯೊ’.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಇದು ಹೊಸದೇನಲ್ಲ. ಯಾವ ಸಾಲನ್ನು ಯಾರು ಬರೆದರು ಅಂತ ಗಿಟ್ ಹೇಳತ್ತೆ. ಆದ್ರೆ ವೈಟ್‌ಬೋರ್ಡ್ ಮುಂದೆ ನಿಂತು ‘ಇದು ಹೀಗೆ ಬೇಡ, ಬೇರೆ ದಾರಿ ಇದೆ’ ಅಂದವರ ಹೆಸರು ಅದರಲ್ಲಿ ಎಲ್ಲೂ ಇರಲ್ಲ. ಎಷ್ಟೋ ಸಲ ಇಡೀ ಪ್ರಾಜೆಕ್ಟ್ ನಿಂತಿರೋದು ಆ ಒಂದು ಮಾತಿನ ಮೇಲೆ!

‘ಕೊನೆಗೆ ಪೆನ್ಸಿಲ್ ಹಿಡಿದ ಕೈ ಆಂಟೋನಿಯೊದೇ ತಾನೆ?’ ಅಂತ ಕೇಳಬಹುದು. ಸರಿ. ಒಂದು ಚಿತ್ರದ ಮಟ್ಟಿಗೆ ಆ ಸಹಿ ಸಾಕು. ಪತ್ರಿಕೆಯವರಿಗೆ, ಜಾಹೀರಾತಿನವರಿಗೆ ಗುರುತಿಗೊಂದು ಹೆಸರು ಬೇಕಿತ್ತು, ಸಿಕ್ಕಿತು. ಆದ್ರೆ ಜೀವಮಾನದ ಕೆಲಸವನ್ನ ಒಟ್ಟಿಗೆ ಗೋಡೆ ಮೇಲೆ ತೂಗುಹಾಕಿದಾಗ ಪ್ರಶ್ನೆ ಬೇರೆ. ಇದೆಲ್ಲ ಹೇಗೆ ಆಯ್ತು ಅಂತ ಹೇಳೋಕೇ ಅಲ್ವಾ ಇಂಥ ಪ್ರದರ್ಶನ? ಅಲ್ಲಿ ರಾಮೋಸ್‌ನ ಹೆಸರು ಬಾಗಿಲಿನ ಮೇಲೇ ಇರಬೇಕು. ಒಳಗಿನ ವಿವರಣೆಯಲ್ಲಿ ಬಂದರೆ ಸಾಲದು.

ಇಬ್ಬರನ್ನೂ ಏಡ್ಸ್ ತಿಂದುಹಾಕಿತು. ಆಂಟೋನಿಯೊ 1987ರಲ್ಲಿ, ಬರೀ 44ನೇ ವಯಸ್ಸಿಗೆ, ರಾಮೋಸ್ 1995ರಲ್ಲಿ. ‘ಇದರಲ್ಲಿ ನನ್ನದೂ ಇದೆ’ ಅಂತ ಹೇಳೋಕೆ ಅವನೇ ಇಲ್ಲ. ಸಮಾಧಾನದ ವಿಷಯ ಅಂದ್ರೆ, ಅವರ ಚಿತ್ರಗಳನ್ನ ಕಾಪಾಡಿಕೊಂಡು ಬಂದಿರುವ ಸಂಗ್ರಹಕ್ಕೆ ಇಬ್ಬರ ಹೆಸರೂ ಇದೆ. ಮುಂದಿನ ಪ್ರದರ್ಶನ ಮಾಡುವವರು ಹೆಸರನ್ನ ಅಲ್ಲಿಂದಲೇ ತಗೊಂಡ್ರೆ ಆಯ್ತು, ಹೊಸದಾಗಿ ತಲೆ ಕೆಡಿಸಿಕೊಳ್ಳೋದೇ ಬೇಡ :-)

ಏನಂತೀರಿ?